ಕ್ಯಾಟ್ಸ್ ಆಟದಲ್ಲಿ ಗೆಲ್ಲುವ ಕಾಳಗದ ವಾಹನ ಕಟ್ಟುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ಕಾಳಗ ಆರಂಭವಾದ ಮೇಲೆ ಆಟಗಾರನ ಬೆರಳಿಗೆ ಯಾವ ಕೆಲಸವೂ ಇಲ್ಲದ ಹೋರಾಟದ ಆಟಗಳು ವಿರಳ. ‘ಕ್ರ್ಯಾಶ್ ಅರೀನಾ ಟರ್ಬೊ ಸ್ಟಾರ್ಸ್’ ಅಂಥ ಒಂದು ಆಟ. ಎಲ್ಲರೂ ಅದನ್ನು ಕರೆಯುವುದು ‘ಕ್ಯಾಟ್ಸ್’ ಎಂದು. ಯಂತ್ರಗಳನ್ನು ಕಟ್ಟುವವರೂ ಓಡಿಸುವವರೂ ಬೆಕ್ಕುಗಳೇ ಆಗಿರುವುದರಿಂದ ಹೆಸರೂ ಹೊಂದಿಕೊಂಡಿದೆ. ಜೆಪ್ಟೋಲ್ಯಾಬ್ ಸಂಸ್ಥೆ ಇದನ್ನು 2017ರಲ್ಲಿ ಆಂಡ್ರಾಯ್ಡ್ ಮತ್ತು ಐಒಎಸ್ ಫೋನುಗಳಿಗೆ ಬಿಡುಗಡೆ ಮಾಡಿತು. ಹಗ್ಗಕ್ಕೆ ಕಟ್ಟಿದ ಮಿಠಾಯಿಯನ್ನು ಸರಿಯಾದ ಕ್ಷಣದಲ್ಲಿ ಕತ್ತರಿಸಿ ಬೀಳಿಸುವ ‘ಕಟ್ ದಿ ರೋಪ್’ ಆಟವನ್ನು 2010ರಲ್ಲಿ ತಂದದ್ದೂ ಇದೇ ಸಂಸ್ಥೆ. ಆ ಆಟದಲ್ಲಿ ಗುರುತ್ವ, ತೂಗಾಟ ಮತ್ತು ವೇಗಗಳೇ ಒಗಟಾಗಿದ್ದವು. ಇಲ್ಲಿಯೂ ಅಷ್ಟೆ. ಹೊರನೋಟಕ್ಕೆ ಇದು ಆಯುಧಗಳ ಆಟ, ಒಳಗೆ ತೂಕ ಮತ್ತು ಕೋನಗಳ ಆಟ.

ಆಟಕ್ಕೆ ಹೊಸದಾಗಿ ಬಂದವರು ಸಾಮಾನ್ಯವಾಗಿ ಮಾಡುವ ತಪ್ಪು ಒಂದೇ. ಗೆಲುವಿಗೆ ಬಹುಮಾನವಾಗಿ ಬರುವ ಬಾಕ್ಸ್ ತೆರೆದಾಗ ಸಿಕ್ಕಿದ ಭಾಗಗಳಲ್ಲಿ ಯಾವುದರ ಮೇಲೆ ದೊಡ್ಡ ಸಂಖ್ಯೆ ಬರೆದಿದೆಯೋ ಅದನ್ನು ಜೋಡಿಸಿ, ಸೋತಾಗ ಇನ್ನೂ ದೊಡ್ಡ ಸಂಖ್ಯೆಗಾಗಿ ಕಾಯುತ್ತಾರೆ. ಸಂಖ್ಯೆಗೆ ಮಹತ್ವವಿಲ್ಲವೆಂದಲ್ಲ. ಆದರೆ ಎದುರಾಳಿಯನ್ನು ತಲುಪದ ಆಯುಧದ ಸಂಖ್ಯೆ ಎಷ್ಟೇ ದೊಡ್ಡದಾಗಿದ್ದರೂ ಅದರ ಫಲ ಸೊನ್ನೆ. ಯಂತ್ರವನ್ನು ಆಕಾರದಿಂದ ಆರಂಭಿಸಿ ಕಟ್ಟಿ, ಸಂಖ್ಯೆಗಳನ್ನು ಆಮೇಲೆ ಕೂಡಿಸಿ, ಸೋಲುಗಳನ್ನು ಓದಿ ತಿದ್ದುವ ಕ್ರಮವನ್ನು ಈ ಮಾರ್ಗದರ್ಶಿಯಲ್ಲಿ ಹಂತಹಂತವಾಗಿ ವಿವರಿಸಲಾಗಿದೆ.

ಹಂತ 1: ಕಾಳಗ ನಡೆಯುವ ಬಗೆಯನ್ನು ಮೊದಲು ಗಮನಿಸಿ

ಕಣವನ್ನು ನಾವು ಪಕ್ಕದಿಂದ ನೋಡುತ್ತೇವೆ. ಎರಡು ಯಂತ್ರಗಳು ಎರಡು ತುದಿಗಳಿಂದ ಹೊರಟು ಒಂದರ ಮೇಲೊಂದು ನುಗ್ಗುತ್ತವೆ. ಯಾರ ಜೀವಬಲ, ಅಂದರೆ ಪರದೆಯಲ್ಲಿ ಕಾಣುವ ಹೆಲ್ತ್, ಮೊದಲು ಮುಗಿಯುತ್ತದೆಯೋ ಅವರು ಸೋಲುತ್ತಾರೆ. ಯಂತ್ರ ಮಗುಚಿಬಿದ್ದ ಮಾತ್ರಕ್ಕೆ ಸೋಲಾಗುವುದಿಲ್ಲ. ತಲೆಕೆಳಗಾಗಿ ಬಿದ್ದಿದ್ದರೂ ಆಯುಧ ಎದುರಾಳಿಗೆ ತಾಗುತ್ತಿದ್ದರೆ ಗೆಲುವಿನ ಸಾಧ್ಯತೆ ಉಳಿದೇ ಇರುತ್ತದೆ. ಕಾಳಗ ಬೇಗ ಇತ್ಯರ್ಥವಾಗದಿದ್ದರೆ ಎರಡೂ ಬದಿಯ ಗೋಡೆಗಳು ಗರಗಸಗಳೊಂದಿಗೆ ಒಳಕ್ಕೆ ಸರಿಯತೊಡಗುತ್ತವೆ, ಮತ್ತು ಗೋಡೆಗೆ ಹತ್ತಿರವಿದ್ದ ಯಂತ್ರ ಮೊದಲು ಏಟು ತಿನ್ನುತ್ತದೆ. ಎದುರಾಳಿಯನ್ನು ಹಿಂದಕ್ಕೆ ತಳ್ಳಬಲ್ಲ ಯಂತ್ರಕ್ಕೆ ದುರ್ಬಲ ಆಯುಧವಿದ್ದರೂ ಕೆಲವೊಮ್ಮೆ ಗೆಲುವು ಸಿಗುವುದು ಈ ಕಾರಣದಿಂದಲೇ.

ಯಂತ್ರಕ್ಕೆ ಬೇಕಾಗುವುದು ನಾಲ್ಕು ಬಗೆಯ ಭಾಗಗಳು: ಬಾಡಿ, ಚಕ್ರ, ಆಯುಧ ಮತ್ತು ಗ್ಯಾಜೆಟ್. ಬಾಡಿಯು ಜೀವಬಲದ ಬಹುಪಾಲನ್ನೂ ಆಯುಧಗಳಿಗೆ ಬೇಕಾದ ಎನರ್ಜಿಯನ್ನೂ ಒದಗಿಸುತ್ತದೆ. ಚಕ್ರಗಳು ಓಡಿಸುವುದರ ಜೊತೆಗೆ ಜೀವಬಲಕ್ಕೆ ಒಂದಿಷ್ಟು ಸೇರಿಸುತ್ತವೆ. ಆಯುಧಗಳು ಡ್ಯಾಮೇಜ್, ಅಂದರೆ ಎದುರಾಳಿಯ ಜೀವಬಲವನ್ನು ಕುಗ್ಗಿಸುವ ಏಟು, ಕೊಡುತ್ತವೆ, ಎನರ್ಜಿ ಕೇಳುತ್ತವೆ. ಗ್ಯಾಜೆಟ್‌ಗಳು ಏಟು ಕೊಡುವುದಕ್ಕಿಂತ ಹೆಚ್ಚಾಗಿ ಎತ್ತುವ, ತಳ್ಳುವ, ಸ್ಥಾನ ಬದಲಿಸುವ ಕೆಲಸ ಮಾಡುತ್ತವೆ. ಮೊದಲ ದಿನವೇ ಕಟ್ಟುವ ಆತುರ ಬೇಡ. ಬೇರೆ ಆಟಗಾರರ ಯಂತ್ರಗಳ ಕಾಳಗದಲ್ಲಿ ಗೆಲ್ಲುವವರನ್ನು ಊಹಿಸಿ ಪಣ ಕಟ್ಟುವ ಅವಕಾಶ ಆಟದೊಳಗೇ ಇದೆ. ಪಣದ ಲಾಭ ಹಾಗಿರಲಿ, ಆ ಕಾಳಗಗಳನ್ನು ನೋಡುತ್ತ ‘ಯಾರು ಗೆಲ್ಲುತ್ತಾರೆ’ ಎಂಬುದಕ್ಕಿಂತ ‘ಮೊದಲು ಯಾರ ಆಯುಧ ಯಾರಿಗೆ ತಾಗುತ್ತದೆ’ ಎಂದು ಊಹಿಸುವ ಅಭ್ಯಾಸ ಮಾಡಿಕೊಂಡರೆ ಕಣ್ಣು ಬೇಗ ಪಳಗುತ್ತದೆ.

ಹಂತ 2: ಬಾಡಿಯನ್ನು ಆಕಾರ ನೋಡಿ ಆರಿಸಿ

ಉಳಿದೆಲ್ಲ ನಿರ್ಧಾರಗಳೂ ಬಾಡಿಯನ್ನು ಅವಲಂಬಿಸಿರುವುದರಿಂದ ಇಲ್ಲಿ ತಾಳ್ಮೆ ಬೇಕು. ಕ್ಲಾಸಿಕ್ ಎಂಬುದು ಎಲ್ಲ ಗುಣಗಳಲ್ಲೂ ನಡುಮಟ್ಟದ್ದು. ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಆರಂಭವಿಲ್ಲ, ಏಕೆಂದರೆ ಅದು ಸೋತಾಗ ತಪ್ಪು ಎಲ್ಲಿದೆ ಎಂಬುದು ಸುಲಭವಾಗಿ ತಿಳಿಯುತ್ತದೆ. ಟೈಟನ್ ಎತ್ತರದ, ಭಾರಿ ಗಾತ್ರದ ಬಾಡಿ. ಜೀವಬಲವೇ ಅದರ ಆಸ್ತಿ. ಸರ್ಫರ್ ಉದ್ದನೆಯ, ಚಪ್ಪಟೆಯಾದ, ಹೆಸರಿಗೆ ತಕ್ಕಂತೆ ಅಲೆಯ ಮೇಲೆ ತೇಲುವ ಹಲಗೆಯನ್ನು ಹೋಲುವ ಬಾಡಿ. ಸ್ನೀಕಿ ನೆಲಕ್ಕೆ ಅಂಟಿಕೊಂಡಂತಿರುವ ತಗ್ಗಿನ ಯಂತ್ರ. ಬೋಲ್ಡರ್ ದುಂಡಗಿದೆ, ಪಿರಮಿಡ್ ಇಳಿಜಾರಾಗಿದೆ.

ಆಕಾರದ ಮಹತ್ವವನ್ನು ತಿಳಿಯಲು ಎರಡು ಸಂಗತಿಗಳನ್ನು ನೆನಪಿಟ್ಟರೆ ಸಾಕು. ಮೊದಲನೆಯದು ಗುರುತ್ವಕೇಂದ್ರ. ಯಂತ್ರದ ಭಾರವೆಲ್ಲ ಒಂದೇ ಬಿಂದುವಿನಲ್ಲಿದೆಯೆಂದು ಭಾವಿಸಿದರೆ ಆ ಬಿಂದುವಿನಿಂದ ನೆಲಕ್ಕೆ ಇಳಿಬಿಟ್ಟ ಗೆರೆ ಎರಡು ಚಕ್ರಗಳ ನಡುವೆ ಬೀಳುವವರೆಗೆ ಯಂತ್ರ ನಿಂತಿರುತ್ತದೆ. ಆ ಗೆರೆ ಒಂದು ಚಕ್ರವನ್ನು ದಾಟಿ ಹೊರಗೆ ಹೋದ ಕ್ಷಣ ಯಂತ್ರ ಉರುಳುತ್ತದೆ. ಬಿಂದು ಎತ್ತರದಲ್ಲಿದ್ದಷ್ಟೂ ಸ್ವಲ್ಪ ವಾಲಿದರೂ ಗೆರೆ ಬೇಗ ಹೊರಗೆ ಸರಿಯುತ್ತದೆ, ಚಕ್ರಗಳ ನಡುವಿನ ಅಂತರ ಹೆಚ್ಚಿದ್ದಷ್ಟೂ ತಡವಾಗಿ ಸರಿಯುತ್ತದೆ. ಟೈಟನ್ ಬೀಳುವುದಕ್ಕೂ ಸರ್ಫರ್ ಬೀಳದಿರುವುದಕ್ಕೂ ಇದೇ ಕಾರಣ. ಎರಡನೆಯದು ಬೆಣೆ. ಎರಡು ಯಂತ್ರಗಳು ಎದುರುಬದುರಾಗಿ ನುಗ್ಗಿದಾಗ ಯಾವುದರ ಮೂತಿ ನೆಲಕ್ಕೆ ಹೆಚ್ಚು ಹತ್ತಿರವಿದೆಯೋ ಅದು ಇನ್ನೊಂದರ ಅಡಿಗೆ ತೂರಿಕೊಳ್ಳುತ್ತದೆ. ಮೇಲೇರಿದ ಯಂತ್ರದ ಮುಂಚಕ್ರ ನೆಲ ಬಿಡುತ್ತದೆ, ತಳ್ಳುವ ಬಲ ಕಡಿಮೆಯಾಗುತ್ತದೆ, ಮೂತಿಯಲ್ಲಿದ್ದ ಆಯುಧ ಗಾಳಿಗೆ ಗುರಿಯಿಟ್ಟು ನಿಲ್ಲುತ್ತದೆ.

ಒಂದು ಬಾಡಿಯ ಹೆಸರು ಒಂದೇ ಆಗಿದ್ದರೂ ಬಾಕ್ಸ್‌ನಿಂದ ಬರುವ ಪ್ರತಿಯೊಂದರಲ್ಲೂ ಭಾಗಗಳನ್ನು ಕೂರಿಸುವ ಜಾಗಗಳಾದ ಸ್ಲಾಟ್‌ಗಳ ಸಂಖ್ಯೆ ಮತ್ತು ಸ್ಥಾನ ಒಂದೇ ರೀತಿ ಇರುವುದಿಲ್ಲ. ಜೀವಬಲ ಸ್ವಲ್ಪ ಕಡಿಮೆಯಿದ್ದರೂ ಆಯುಧದ ಸ್ಲಾಟ್ ಸರಿಯಾದ ಎತ್ತರದಲ್ಲಿರುವ ಬಾಡಿಯನ್ನು ನಾನು ಯಾವಾಗಲೂ ಆರಿಸಿಕೊಳ್ಳುತ್ತೇನೆ. ಸಂಖ್ಯೆಯನ್ನು ಮುಂದೆ ಹೇಗಾದರೂ ಹೆಚ್ಚಿಸಿಕೊಳ್ಳಬಹುದು. ಸ್ಲಾಟ್ ಎಲ್ಲಿದೆಯೋ ಅಲ್ಲೇ ಇರುತ್ತದೆ.

ಹಂತ 3: ಆಯುಧವನ್ನು ಅದರ ಚಲನೆ ನೋಡಿ ಕೂರಿಸಿ

ಆಯುಧಗಳನ್ನು ಅವುಗಳ ಹೆಸರಿನಿಂದ ಗುರುತಿಸುವುದಕ್ಕಿಂತ ಅವು ಯಾವ ಜಾಗವನ್ನು ಆವರಿಸುತ್ತವೆ ಎಂಬುದರಿಂದ ಗುರುತಿಸುವುದು ಪ್ರಯೋಜನಕರ. ಡ್ರಿಲ್ ಕದಲದೆ ನೇರ ಮುಂದಕ್ಕೆ ಚಾಚಿರುತ್ತದೆ. ಎದುರಾಳಿ ಅದರ ನೇರಕ್ಕೆ ಬಂದು ನಿಂತರೆ ಅದು ಬಿಡುವಿಲ್ಲದೆ ಕೊರೆಯುತ್ತದೆ, ನೇರ ತಪ್ಪಿದರೆ ಯಾವ ಉಪಯೋಗವೂ ಇಲ್ಲ. ಬ್ಲೇಡ್ ಮತ್ತು ಚೈನ್‌ಸಾ ಒಂದೆಡೆ ನಿಲ್ಲದೆ ಬೀಸಾಡುವ ಆಯುಧಗಳು. ಅವು ಹೆಚ್ಚು ಜಾಗವನ್ನು ಕಾಯುತ್ತವೆ, ಆದರೆ ಬೀಸಿನ ಒಂದು ಭಾಗದಲ್ಲಿ ಮಾತ್ರ ಎದುರಾಳಿಗೆ ತಾಗುವುದರಿಂದ ಏಟುಗಳ ನಡುವೆ ಬಿಡುವು ಉಂಟಾಗುತ್ತದೆ. ರಾಕೆಟ್ ದೂರದಿಂದಲೇ ಏಟು ಕೊಡುತ್ತದೆ, ಹಾಗಾಗಿ ಯಂತ್ರಗಳು ಹತ್ತಿರ ಬರುವ ಮೊದಲೇ ಲೆಕ್ಕ ತೆರೆಯುತ್ತದೆ; ಯಂತ್ರ ವಾಲಿದರೆ ಮಾತ್ರ ರಾಕೆಟ್ ಆಕಾಶಕ್ಕೋ ನೆಲಕ್ಕೋ ಹೋಗುತ್ತದೆ.

ಇದನ್ನು ಬಾಡಿಯ ಆಕಾರಕ್ಕೆ ಹೊಂದಿಸಿ ನೋಡಿ. ನಿಮ್ಮದು ತಗ್ಗಿನ ಬಾಡಿಯಾಗಿದ್ದು ಎದುರಾಳಿಯ ಅಡಿಗೆ ತೂರುವ ಯೋಜನೆಯಿದ್ದರೆ ಎದುರಾಳಿ ನಿಮ್ಮ ಬೆನ್ನ ಮೇಲೆ ಬಂದು ಕೂರುತ್ತದೆ. ಆಗ ಮೂತಿಯ ಡ್ರಿಲ್‌ಗಿಂತ ಬೆನ್ನ ಮೇಲಿನ ಸ್ಲಾಟ್‌ನಲ್ಲಿ ಬೀಸಾಡುವ ಬ್ಲೇಡ್ ಹೆಚ್ಚು ಕೆಲಸ ಮಾಡುತ್ತದೆ. ನಿಮ್ಮದು ಟೈಟನ್‌ನಂಥ ಎತ್ತರದ ಬಾಡಿಯಾಗಿದ್ದರೆ ಎದುರಾಳಿ ಬಹುತೇಕ ನಿಮ್ಮ ಪಾದದ ಹತ್ತಿರವೇ ಇರುತ್ತದೆ. ಮೇಲ್ತುದಿಯಲ್ಲಿ ಕೂರಿಸಿದ ಡ್ರಿಲ್ ಅದರ ತಲೆಯ ಮೇಲಿನ ಗಾಳಿಯನ್ನು ಕೊರೆಯುತ್ತ ಕಾಲ ಕಳೆಯುತ್ತದೆ. ನನ್ನ ಮೊದಲ ಟೈಟನ್ ಇಂಥದೇ ಇತ್ತು. ಎರಡು ಡ್ರಿಲ್, ಎರಡೂ ಮೇಲೆ. ತಗ್ಗಿನ ಯಂತ್ರಗಳೆಲ್ಲ ಅದರ ಕಾಲಬುಡದಲ್ಲಿ ನಿಂತು ನಿರಾಳವಾಗಿ ಕೆಲಸ ಮುಗಿಸಿದವು.

ಎನರ್ಜಿಯ ಮಿತಿಯನ್ನು ಹೆಚ್ಚು ವಿವರಿಸಬೇಕಾಗಿಲ್ಲ: ಆಯುಧಗಳು ಕೇಳುವ ಒಟ್ಟು ಎನರ್ಜಿ ಬಾಡಿ ಕೊಡುವುದನ್ನು ಮೀರುವಂತಿಲ್ಲ, ಮೀರಿದರೆ ಒಂದನ್ನು ಇಳಿಸಲೇಬೇಕು. ಅದಕ್ಕಾಗಿ ಸ್ಲಾಟ್ ಹೆಚ್ಚಿದ್ದು ಎನರ್ಜಿ ಕಡಿಮೆಯಿರುವ ಬಾಡಿಯನ್ನು ಕಂಡು ಮರುಳಾಗಬೇಡಿ.

ಹಂತ 4: ಗುಣಾಕಾರದ ಲೆಕ್ಕ

ಆಕಾರ ಒಂದು ಹದಕ್ಕೆ ಬಂದ ಮೇಲೆ ಸಂಖ್ಯೆಗಳ ಸರದಿ. ‘ಜೀವಬಲ ಹೆಚ್ಚಿಸಲೋ, ಡ್ಯಾಮೇಜ್ ಹೆಚ್ಚಿಸಲೋ’ ಎಂಬ ಪ್ರಶ್ನೆ ಎಲ್ಲ ಆಟಗಾರರನ್ನೂ ಕಾಡುತ್ತದೆ, ಮತ್ತು ಅದಕ್ಕೆ ಅಂದಾಜಿನ ಮೇಲೆ ಉತ್ತರ ಕೊಡಬೇಕಾದ ಅಗತ್ಯವಿಲ್ಲ. ಎರಡೂ ಯಂತ್ರಗಳು ಒಂದಕ್ಕೊಂದು ಸತತವಾಗಿ ಏಟು ಕೊಡುತ್ತಿವೆ ಎಂದುಕೊಳ್ಳಿ. ನೀವು ಬದುಕಿರುವ ಕಾಲವೆಂದರೆ ನಿಮ್ಮ ಜೀವಬಲವನ್ನು ಎದುರಾಳಿಯ ಡ್ಯಾಮೇಜ್‌ನಿಂದ ಭಾಗಿಸಿದಷ್ಟು. ಎದುರಾಳಿ ಬದುಕಿರುವ ಕಾಲವೆಂದರೆ ಅವರ ಜೀವಬಲವನ್ನು ನಿಮ್ಮ ಡ್ಯಾಮೇಜ್‌ನಿಂದ ಭಾಗಿಸಿದಷ್ಟು. ಮೊದಲನೆಯದು ಹೆಚ್ಚಿದ್ದರೆ ಗೆಲುವು ನಿಮ್ಮದು. ಇದನ್ನು ಸರಳಗೊಳಿಸಿದರೆ ಉಳಿಯುವುದು ಇಷ್ಟೆ: ಯಾರ ಜೀವಬಲ ಮತ್ತು ಡ್ಯಾಮೇಜ್‌ಗಳ ಗುಣಲಬ್ಧ ದೊಡ್ಡದೋ ಅವರು ಗೆಲ್ಲುತ್ತಾರೆ.

ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ನಿಮ್ಮ ಯಂತ್ರದ ಜೀವಬಲ 900, ಡ್ಯಾಮೇಜ್ 200, ಗುಣಲಬ್ಧ 1,80,000. ನಿಮ್ಮ ಮುಂದೆ ಎರಡು ಆಯ್ಕೆಗಳಿವೆ: ಜೀವಬಲವನ್ನು 100ರಷ್ಟು ಹೆಚ್ಚಿಸುವ ಚಕ್ರ, ಇಲ್ಲವೆ ಡ್ಯಾಮೇಜ್ ಅನ್ನು 40ರಷ್ಟು ಹೆಚ್ಚಿಸುವ ಆಯುಧ. ಚಕ್ರವನ್ನು ಆರಿಸಿದರೆ 1000 ಮತ್ತು 200ರ ಗುಣಲಬ್ಧ 2,00,000 ಆಗುತ್ತದೆ. ಆಯುಧವನ್ನು ಆರಿಸಿದರೆ 900 ಮತ್ತು 240ರ ಗುಣಲಬ್ಧ 2,16,000 ಆಗುತ್ತದೆ. ಸಂಖ್ಯೆಯಲ್ಲಿ 40 ಎಂಬುದು 100ಕ್ಕಿಂತ ಚಿಕ್ಕದಾಗಿ ಕಂಡರೂ ಆಯುಧವೇ ಲಾಭಕರ, ಏಕೆಂದರೆ 200ಕ್ಕೆ 40 ಎಂದರೆ ಶೇಕಡಾ 20, ಆದರೆ 900ಕ್ಕೆ 100 ಎಂದರೆ ಶೇಕಡಾ 11ರ ಆಸುಪಾಸು. ಎಷ್ಟು ಹೆಚ್ಚಿತು ಎಂದು ನೋಡದೆ ಶೇಕಡಾ ಎಷ್ಟು ಹೆಚ್ಚಿತು ಎಂದು ನೋಡಿದರೆ ಈ ಲೆಕ್ಕವನ್ನು ಕಾಗದವಿಲ್ಲದೆಯೂ ಮಾಡಬಹುದು.

ಆದರೆ ಇದೇ ಲೆಕ್ಕ ಇನ್ನೊಂದು ಮಾತನ್ನೂ ಹೇಳುತ್ತದೆ. ಆ ಹೊಸ ಆಯುಧ ಕಾಳಗದ ಅರ್ಧ ಕಾಲ ಮಾತ್ರ ಎದುರಾಳಿಗೆ ತಾಗುತ್ತದೆ ಎಂದಾದರೆ ಅದರ ನಿಜವಾದ ಬೆಲೆ 40 ಅಲ್ಲ, 20. ಆಗ ಗುಣಲಬ್ಧ 1,98,000ಕ್ಕೆ ಇಳಿದು ಚಕ್ರವೇ ಮೇಲಾಗುತ್ತದೆ. ಪರದೆಯ ಮೇಲಿನ ಸಂಖ್ಯೆಯನ್ನು ತಾಗುವಿಕೆಯ ಪಾಲಿನಿಂದ ಗುಣಿಸದೆ ನಂಬಬಾರದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಕಾರಣ ಬೇಕಿಲ್ಲ.

ಬೋನಸ್‌ಗಳನ್ನೂ ಈ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಕೆಲವು ಭಾಗಗಳು ನಿರ್ದಿಷ್ಟ ಜೊತೆಗಾರನೊಂದಿಗೆ ಸೇರಿದಾಗ ಶೇಕಡಾವಾರು ಹೆಚ್ಚಳ ಕೊಡುತ್ತವೆ. ಟೈಟನ್ ಮೇಲೆ ಶೇಕಡಾ 30ರ ಬೋನಸ್ ಇರುವ 100ರ ಆಯುಧ ಆ ಬಾಡಿಯ ಮೇಲೆ 130 ಆಗುತ್ತದೆ. ಬೋನಸ್ ಇಲ್ಲದ 120ರ ಆಯುಧವನ್ನು ಅದು ಹಿಂದಿಕ್ಕುತ್ತದೆ. ಆದ್ದರಿಂದ ಚಿಕ್ಕ ಸಂಖ್ಯೆಯ ಭಾಗವನ್ನು ತೆಗೆದುಹಾಕುವ ಮೊದಲು ಅದರ ಮೇಲೆ ಒತ್ತಿ ವಿವರ ಓದುವುದನ್ನು ರೂಢಿ ಮಾಡಿಕೊಳ್ಳಿ.

ಹಂತ 5: ಚಕ್ರಗಳಿಂದ ಕೋನವನ್ನು ತಿದ್ದಿ

ಚಕ್ರವೆಂದರೆ ಓಡುವುದಕ್ಕೆ ಮಾತ್ರ ಎಂದು ಭಾವಿಸಿದವರು ಆಟದ ಅತ್ಯಂತ ಅಗ್ಗದ ಅಸ್ತ್ರವನ್ನು ಬಳಸದೆ ಬಿಟ್ಟಂತೆ. ಹಿಂದೆ ಬಿಗ್‌ಫೂಟ್‌ನಂಥ ದೊಡ್ಡ ಚಕ್ರ, ಮುಂದೆ ನಾಬ್‌ನಂಥ ಸಣ್ಣ ಚಕ್ರ ಹಾಕಿದರೆ ಯಂತ್ರ ಮುಂದಕ್ಕೆ ಬಾಗಿ ಮೂತಿ ನೆಲಕ್ಕೆ ಇಳಿಯುತ್ತದೆ. ಕ್ಲಾಸಿಕ್ ಬಾಡಿಯೂ ಬೆಣೆಯ ಗುಣ ಪಡೆಯುತ್ತದೆ. ಚಕ್ರಗಳನ್ನು ಅದಲುಬದಲು ಮಾಡಿದರೆ ಮೂತಿ ಮೇಲೇಳುತ್ತದೆ, ಡ್ರಿಲ್‌ನ ಗುರಿ ಎತ್ತರಕ್ಕೆ ಹೋಗುತ್ತದೆ, ಆದರೆ ಅಡಿಭಾಗ ಎದುರಾಳಿಗೆ ತೆರೆದುಕೊಳ್ಳುತ್ತದೆ. ಎರಡೂ ಕಡೆ ದೊಡ್ಡ ಚಕ್ರ ಹಾಕಿದಾಗ ಜೀವಬಲ ಹೆಚ್ಚಬಹುದು, ಗುರುತ್ವಕೇಂದ್ರವೂ ಅದರೊಂದಿಗೆ ಏರುತ್ತದೆ.

ನನ್ನ ಅಭಿಪ್ರಾಯದಲ್ಲಿ ಆರಂಭದ ಹಂತಗಳಲ್ಲಿ ಮೂತಿ ಇಳಿಸಿದ ಜೋಡಣೆಯೇ ಉತ್ತಮ. ಆದರೆ ಮೂತಿಯಲ್ಲಿ ಡ್ರಿಲ್ ಇದ್ದರೆ ಅದು ನೆಲಕ್ಕೆ ತಗಲುವಷ್ಟು ಬಾಗಿಸಬಾರದು. ನೆಲಕ್ಕೆ ಒರಗಿದ ಆಯುಧ ಯಂತ್ರದ ಓಟವನ್ನೇ ತಡೆಯುತ್ತದೆ. ಗ್ಯಾರೇಜಿನಲ್ಲಿ ನಿಂತಿರುವ ಯಂತ್ರವನ್ನು ಪಕ್ಕದಿಂದ ನೋಡಿದರೂ ಕೋನದ ಅಂದಾಜು ಸಿಗುತ್ತದೆ.

ಹಂತ 6: ಗ್ಯಾಜೆಟ್ ಬೇಕೇ ಬೇಡವೇ

ಫೋರ್ಕ್‌ಲಿಫ್ಟ್ ಎದುರಾಳಿಯ ಅಡಿಗೆ ಕೈ ಹಾಕಿ ಎತ್ತುತ್ತದೆ. ಎತ್ತರದ ಬಾಡಿಗಳಿಗೆ ಅದು ಯಮನಿದ್ದಂತೆ. ಅದರ ಪರಿಣಾಮ ಸ್ಲಾಟ್ ಎಷ್ಟು ತಗ್ಗಿನಲ್ಲಿದೆ ಎಂಬುದರ ಮೇಲೆ ನಿಂತಿದೆ. ಮೂತಿಯ ಕೆಳತುದಿಯಲ್ಲಿದ್ದರೆ ಉಪಯುಕ್ತ, ನಡುವಿನಲ್ಲಿದ್ದರೆ ತಗ್ಗಿನ ಯಂತ್ರಗಳು ಅದರ ಅಡಿಯಿಂದಲೇ ನುಸುಳುತ್ತವೆ. ಎದುರಾಳಿಯನ್ನು ಎತ್ತಿದ ಮೇಲೆ ಏಟು ಕೊಡುವವರು ಯಾರು ಎಂಬ ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು: ಫೋರ್ಕ್‌ಲಿಫ್ಟ್ ಜೊತೆಗೆ ಮೇಲ್ಭಾಗದಲ್ಲಿ ಬೀಸಾಡುವ ಆಯುಧ ಇದ್ದರೆ ಎತ್ತಿದ ಯಂತ್ರ ನೇರವಾಗಿ ಅದರ ಬಾಯಿಗೆ ಬೀಳುತ್ತದೆ, ರಾಕೆಟ್ ಇದ್ದರೆ ಎತ್ತಿದ ಯಂತ್ರದ ಅಡಿಯಲ್ಲಿ ಗುಂಡು ಹಾದುಹೋಗುವ ಸಂಭವವೂ ಇದೆ.

ಬೂಸ್ಟರ್ ತಳ್ಳುವ ಬಲ ಕೊಡುತ್ತದೆ. ಭಾರದ, ತಗ್ಗಿನ ಯಂತ್ರಕ್ಕೆ ಅದು ಎದುರಾಳಿಯನ್ನು ಗೋಡೆಯವರೆಗೆ ಒಯ್ಯುವ ಸಾಮರ್ಥ್ಯ ನೀಡುತ್ತದೆ. ಹಗುರವಾದ, ಎತ್ತರದ ಯಂತ್ರಕ್ಕೆ ಹಾಕಿದರೆ ಅದೇ ಬಲ ಯಂತ್ರವನ್ನು ತನ್ನ ಮೇಲೆಯೇ ಮಗುಚಿಹಾಕುತ್ತದೆ. ಗ್ಯಾಜೆಟ್ ಕೂರಿಸಲು ಆಯುಧವೊಂದನ್ನು ಕೈಬಿಡಬೇಕಾಗಿ ಬಂದರೆ ನಾಲ್ಕನೆಯ ಹಂತದ ಗುಣಾಕಾರವನ್ನೇ ಮತ್ತೆ ಬಳಸಿ: ಡ್ಯಾಮೇಜ್‌ನಲ್ಲಿ ಶೇಕಡಾ ಎಷ್ಟು ಕಳೆದುಕೊಂಡಿರಿ, ಉಳಿದ ಆಯುಧ ತಾಗುವ ಕಾಲ ಅಥವಾ ನೀವು ಏಟು ತಪ್ಪಿಸಿಕೊಳ್ಳುವ ಕಾಲ ಅಷ್ಟಾದರೂ ಹೆಚ್ಚಿತೇ ಎಂಬುದೇ ಪರೀಕ್ಷೆ.

ಹಂತ 7: ಸೋಲನ್ನು ಓದುವ ಕ್ರಮ

ಈ ಮಾರ್ಗದರ್ಶಿಯಲ್ಲಿ ಒಂದೇ ಒಂದು ಹಂತವನ್ನು ಪಾಲಿಸುವಷ್ಟು ಮಾತ್ರ ಸಮಯವಿದ್ದರೆ ಇದನ್ನು ಪಾಲಿಸಿ. ಕಾಳಗಗಳು ಕೆಲವೇ ಸೆಕೆಂಡುಗಳಲ್ಲಿ ಮುಗಿಯುವುದರಿಂದ ಕಣ್ಣಿಗೆ ಗದ್ದಲ ಮಾತ್ರ ಕಾಣುತ್ತದೆ, ಕಾರಣ ಕಾಣುವುದಿಲ್ಲ. ಫೋನಿನ ಸ್ಕ್ರೀನ್ ರೆಕಾರ್ಡಿಂಗ್ ಸೌಲಭ್ಯವನ್ನು ಹಾಕಿಕೊಂಡು ಹತ್ತು ಕಾಳಗಗಳನ್ನು ಆಡಿ, ಸೋತವುಗಳನ್ನು ನಿಧಾನಗತಿಯಲ್ಲಿ ನೋಡಿ. ನೋಡುವಾಗ ಮೂರು ಕ್ಷಣಗಳಲ್ಲಿ ತಡೆದು ನಿಲ್ಲಿಸಿ: ಎರಡು ಯಂತ್ರಗಳು ಮೊದಲು ತಾಗಿದ ಕ್ಷಣ, ಯಾವುದಾದರೂ ಒಂದರ ಚಕ್ರ ನೆಲ ಬಿಟ್ಟ ಕ್ಷಣ, ಮತ್ತು ಜೀವಬಲ ಅರ್ಧಕ್ಕೆ ಇಳಿದ ಕ್ಷಣ.

ನಿಮ್ಮ ಆಯುಧ ಕೊನೆಯವರೆಗೂ ಎದುರಾಳಿಗೆ ತಾಗುತ್ತಲೇ ಇದ್ದು ಸೋತಿದ್ದರೆ ಅದು ಸಂಖ್ಯೆಯ ಸೋಲು. ಆಕಾರವನ್ನು ಮುಟ್ಟಬೇಡಿ, ಭಾಗಗಳನ್ನು ಬಲಪಡಿಸಿ. ಯಂತ್ರಗಳು ಒಂದಕ್ಕೊಂದು ಅಂಟಿಕೊಂಡಿದ್ದರೂ ನಿಮ್ಮ ಆಯುಧ ಗಾಳಿಯಲ್ಲಿತ್ತು ಎಂದಾದರೆ ಅದು ಸ್ಲಾಟ್‌ನ ಇಲ್ಲವೆ ಕೋನದ ಸೋಲು. ಆಯುಧದ ಸ್ಥಾನವನ್ನೋ ಚಕ್ರವನ್ನೋ ಬದಲಿಸಿ. ಯಾರೂ ಎತ್ತದೆಯೇ ನಿಮ್ಮ ಯಂತ್ರ ಉರುಳಿದ್ದರೆ ಗುರುತ್ವಕೇಂದ್ರದ ದೋಷ. ಮುಂದೆ ಅಥವಾ ಮೇಲೆ ಭಾರದ ಭಾಗ ಹೆಚ್ಚಾಗಿದೆ, ಇಲ್ಲವೆ ಬೂಸ್ಟರ್ ಅನಗತ್ಯವಾಗಿದೆ. ಎದುರಾಳಿಯ ಫೋರ್ಕ್‌ಲಿಫ್ಟ್ ಎತ್ತಿದ್ದರೆ ಮೂತಿಯನ್ನು ಇನ್ನಷ್ಟು ತಗ್ಗಿಸುವುದು ಅಥವಾ ಉರುಳಿದ ಮೇಲೂ ತಾಗುವಂತೆ ಒಂದು ಆಯುಧವನ್ನು ಮೇಲ್ಭಾಗದಲ್ಲಿ ಇರಿಸುವುದು ದಾರಿ. ಗೋಡೆಯ ಗರಗಸಕ್ಕೆ ಸಿಕ್ಕಿ ಸೋತಿದ್ದರೆ ತಳ್ಳುವ ಬಲ ಸಾಲದು, ಅಥವಾ ನಿಮ್ಮ ಚಕ್ರ ನೆಲ ಬಿಟ್ಟಿತ್ತು.

ತಿದ್ದುವಾಗ ಒಂದು ಸಲಕ್ಕೆ ಒಂದೇ ಭಾಗವನ್ನು ಬದಲಿಸಿ. ಬಾಡಿ, ಚಕ್ರ, ಆಯುಧ ಮೂರನ್ನೂ ಒಟ್ಟಿಗೆ ಬದಲಿಸಿ ಗೆದ್ದರೆ ಯಾವುದರಿಂದ ಗೆದ್ದಿರಿ ಎಂದು ತಿಳಿಯುವುದಿಲ್ಲ. ಸೋತರಂತೂ ಏನೂ ತಿಳಿಯುವುದಿಲ್ಲ. ಎರಡು ಜೋಡಣೆಗಳನ್ನು ಹೋಲಿಸುವಾಗ ತಲಾ ಇಪ್ಪತ್ತು ಕಾಳಗಗಳಾದರೂ ಬೇಕು. ಒಂದರಲ್ಲಿ ಹನ್ನೊಂದು, ಇನ್ನೊಂದರಲ್ಲಿ ಹನ್ನೆರಡು ಗೆಲುವು ಬಂದರೆ ಎರಡೂ ಒಂದೇ ಎಂದು ತಿಳಿಯಿರಿ, ಏಕೆಂದರೆ ಎದುರಾಳಿಗಳು ಯಾರು ಸಿಕ್ಕರು ಎಂಬ ಅದೃಷ್ಟವೇ ಅಷ್ಟು ವ್ಯತ್ಯಾಸ ಮಾಡಬಲ್ಲದು. ಹನ್ನೊಂದು ಮತ್ತು ಹದಿನೇಳು ಬಂದರೆ ಮಾತು ಬೇರೆ.

ಹಂತ 8: ಭಾಗಗಳನ್ನು ಬಲಪಡಿಸುವಾಗ

ಒಂದು ಭಾಗವನ್ನು ಬಲಪಡಿಸಲು ಬೇರೆ ಭಾಗಗಳನ್ನು ಬಲಿಕೊಡಬೇಕು, ಜೊತೆಗೆ ಕಾಯಿನ್ಸ್ ತೆರಬೇಕು. ಬಲಿಯಾದದ್ದು ಹಿಂದಿರುಗುವುದಿಲ್ಲ. ಅದಕ್ಕಾಗಿ ಒಂದು ಬಾಕ್ಸ್ ತೆರೆದ ತಕ್ಷಣ ಬೇಡವೆನಿಸಿದ್ದನ್ನೆಲ್ಲ ಬೆಂಕಿಗೆ ಹಾಕುವ ಅಭ್ಯಾಸ ಒಳ್ಳೆಯದಲ್ಲ. ನೀವು ಬಳಸದ ಬಾಡಿಗೆ ದೊಡ್ಡ ಬೋನಸ್ ಕೊಡುವ ಚಕ್ರವನ್ನು ಸುಟ್ಟ ಮರುದಿನವೇ ಆ ಬಾಡಿ ಸಿಗುವುದುಂಟು.

ಇನ್ನೊಂದು ಎಚ್ಚರ. ಚಾಂಪಿಯನ್‌ಶಿಪ್‌ನಲ್ಲಿ ಒಂದೊಂದೇ ಹಂತ ಮೇಲೇರಿದಂತೆ ಬಾಕ್ಸ್‌ಗಳಲ್ಲಿ ಬರುವ ಭಾಗಗಳು ಬಲಿಷ್ಠವಾಗುತ್ತ ಹೋಗುತ್ತವೆ. ಈ ಹಂತದಲ್ಲಿ ಕಾಯಿನ್ಸ್ ಸುರಿದು ಬೆಳೆಸಿದ ಆಯುಧವನ್ನು ಮುಂದಿನ ಹಂತದ ಸಾಧಾರಣ ಆಯುಧವೊಂದು ಏನೂ ಖರ್ಚಿಲ್ಲದೆ ಮೀರಿಸಬಹುದು. ಮುಂದಿನ ಹಂತಕ್ಕೆ ಏರುವುದು ಖಚಿತವೆನಿಸಿದಾಗ ಖರ್ಚನ್ನು ತಡೆಹಿಡಿಯಿರಿ. ಹಲವು ದಿನ ಒಂದೇ ಕಡೆ ಸಿಕ್ಕಿಕೊಂಡಾಗ ಖರ್ಚು ಮಾಡಿ. ಖರ್ಚು ಮಾಡುವಾಗ ನಾಲ್ಕೂ ಭಾಗಗಳಿಗೆ ಹಂಚದೆ, ಅದೇ ಕಾಯಿನ್ಸ್‌ಗೆ ಶೇಕಡಾವಾರು ಹೆಚ್ಚಳ ಎಲ್ಲಿ ಹೆಚ್ಚು ಸಿಗುತ್ತದೆಯೋ ಅಲ್ಲಿ ಹಾಕಿ.

ಹಂತ 9: ಬಾಕ್ಸ್, ಸಮಯ ಮತ್ತು ಹಣ

ಆಟ ಉಚಿತ. ಆದಾಯ ಬರುವುದು ಜಾಹೀರಾತುಗಳಿಂದ ಮತ್ತು ಜೆಮ್ಸ್ ಎಂಬ, ಹಣ ಕೊಟ್ಟು ಕೊಳ್ಳುವ ಆಟದೊಳಗಿನ ರತ್ನಗಳ ಮಾರಾಟದಿಂದ. ಗೆಲುವಿನಿಂದ ಬಂದ ಬಾಕ್ಸ್ ತಕ್ಷಣ ತೆರೆಯುವುದಿಲ್ಲ, ಕಾಯಬೇಕು. ಕಾಯಲಾಗದವರಿಗೆ ಜೆಮ್ಸ್ ದಾರಿ ಇದೆ. ಇಡೀ ವ್ಯವಸ್ಥೆ ನಿಂತಿರುವುದೇ ನಮ್ಮ ಅಸಹನೆಯ ಮೇಲೆ. ದೀರ್ಘ ಕಾಲ ಬೇಡುವ ಬಾಕ್ಸ್ ಅನ್ನು ಮಲಗುವ ಮುನ್ನ, ಬೇಗ ತೆರೆಯುವುದನ್ನು ಹಗಲಿನಲ್ಲಿ ತೆರೆಯಲು ಇಟ್ಟರೆ ಕಾಯುವ ಕಷ್ಟ ಬಹುಪಾಲು ಕರಗುತ್ತದೆ. ಬಾಕ್ಸ್ ಇಡುವ ಜಾಗ ತುಂಬಿದ್ದಾಗ ಸುಮ್ಮನೆ ಆಡುತ್ತ ಹೋಗುವುದಕ್ಕಿಂತ ಹೊಸ ಜೋಡಣೆಯ ಪರೀಕ್ಷೆಗೆ ಆ ಸಮಯವನ್ನು ಬಳಸಿಕೊಳ್ಳಿ.

ಜೆಮ್ಸ್ ಅನ್ನು ಬಾಕ್ಸ್ ಬೇಗ ತೆರೆಯಲು ಬಳಸುವುದನ್ನು ನಾನು ದುಂದು ಎಂದೇ ಹೇಳುತ್ತೇನೆ. ಕೊಂಡದ್ದು ಸಮಯವೇ ಹೊರತು ಬಲವಲ್ಲ. ಒಳಗೆ ಏನಿದೆ ಎಂಬುದು ಅದೃಷ್ಟಕ್ಕೆ ಬಿಟ್ಟದ್ದು, ಮತ್ತು ಸಿಕ್ಕ ಭಾಗವನ್ನು ಎಲ್ಲಿ ಕೂರಿಸಬೇಕೆಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಮಕ್ಕಳ ಕೈಗೆ ಫೋನ್ ಕೊಡುವವರು ಆ್ಯಪ್ ಸ್ಟೋರಿನ ಸೆಟ್ಟಿಂಗ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮೊದಲೇ ಮಾಡಿಡಬೇಕು.

ಹಂತ 10: ಚಾಂಪಿಯನ್‌ಶಿಪ್, ಪ್ರೆಸ್ಟೀಜ್ ಮತ್ತು ಗ್ಯಾಂಗ್

ಚಾಂಪಿಯನ್‌ಶಿಪ್‌ನಲ್ಲಿ ನಿಮ್ಮ ಯಂತ್ರವನ್ನು ಒಂದು ಗುಂಪಿನ ಯಂತ್ರಗಳೊಂದಿಗೆ ಹೋಲಿಸಲಾಗುತ್ತದೆ, ಉತ್ತಮ ಸ್ಥಾನ ಪಡೆದವರು ಮೇಲಿನ ಹಂತಕ್ಕೆ ಹೋಗುತ್ತಾರೆ. ಇಲ್ಲಿ ಎದುರಾಳಿಗಳು ಯಾರೆಂದು ನೋಡಲು ಸಾಧ್ಯವಿರುವುದರಿಂದ ಅವರ ಯಂತ್ರಗಳನ್ನು ಒಂದೊಂದಾಗಿ ಗಮನಿಸಿ. ಗುಂಪಿನಲ್ಲಿ ಟೈಟನ್‌ಗಳೇ ಹೆಚ್ಚಿದ್ದರೆ ಫೋರ್ಕ್‌ಲಿಫ್ಟ್‌ಗೆ ಬೆಲೆ ಬರುತ್ತದೆ, ತಗ್ಗಿನ ಯಂತ್ರಗಳೇ ತುಂಬಿದ್ದರೆ ಅದನ್ನು ಇಳಿಸಿ ಕೆಳಕ್ಕೆ ತಾಗುವ ಆಯುಧ ಹಾಕುವುದು ಜಾಣತನ. ಎಲ್ಲರನ್ನೂ ಸೋಲಿಸುವ ಯಂತ್ರವನ್ನು ಹುಡುಕುತ್ತ ಕೂರುವುದಕ್ಕಿಂತ ಎದುರಿಗಿರುವ ಗುಂಪಿಗೆ ತಕ್ಕ ಯಂತ್ರವನ್ನು ಕಟ್ಟುವುದು ಎಷ್ಟೋ ಸುಲಭ.

ಹಂತಗಳೆಲ್ಲ ಮುಗಿದ ಮೇಲೆ ಪ್ರೆಸ್ಟೀಜ್ ಬರುತ್ತದೆ. ಅಂದರೆ ಸಾಧಾರಣ ಭಾಗಗಳನ್ನು ಬಿಟ್ಟುಕೊಟ್ಟು ಮೊದಲ ಹಂತದಿಂದ ಮತ್ತೆ ಹೊರಡುವುದು. ಇದು ತಿಳಿಯದೆ ಕೊನೆಯ ಹಂತದಲ್ಲಿ ಕಾಯಿನ್ಸ್ ಎಲ್ಲವನ್ನೂ ಆಯುಧಗಳಿಗೆ ಸುರಿದವರು ಕೈಕೈ ಹಿಸುಕಿಕೊಳ್ಳುತ್ತಾರೆ. ಪ್ರೆಸ್ಟೀಜ್ ಹತ್ತಿರ ಬಂದಾಗ ಭಾಗ ಬೆಳೆಸುವುದನ್ನು ನಿಲ್ಲಿಸಿ, ದಾಟಲು ಅಗತ್ಯವಾದಷ್ಟನ್ನು ಮಾತ್ರ ಖರ್ಚು ಮಾಡಬೇಕು. ಎರಡನೆಯ ಸುತ್ತಿನಲ್ಲಿ ಭಾಗಗಳು ಹೊಸದಾಗಿರುತ್ತವೆ, ಆದರೆ ಯಾವ ಬಾಡಿಗೆ ಯಾವ ಚಕ್ರ ಹೊಂದುತ್ತದೆ ಎಂಬ ನಿಮ್ಮ ಟಿಪ್ಪಣಿ ಹಳೆಯದೇ. ಅದರಿಂದಾಗಿ ಈ ಸುತ್ತು ಮೊದಲಿಗಿಂತ ವೇಗವಾಗಿ ಸಾಗುತ್ತದೆ.

ಗ್ಯಾಂಗ್, ಅಂದರೆ ಆಟಗಾರರ ತಂಡವೊಂದನ್ನು ಸೇರುವುದನ್ನು ಮುಂದೂಡಬೇಡಿ. ಸದಸ್ಯರೆಲ್ಲರ ಆಟದ ಫಲ ಒಟ್ಟುಗೂಡಿ ಗ್ಯಾಂಗ್‌ಗೆ ಬಹುಮಾನವಾಗುತ್ತದೆ, ‘ಸಿಟಿ ಕಿಂಗ್ಸ್’ ಎಂಬ ವಿಭಾಗದಲ್ಲಿ ಗ್ಯಾಂಗ್‌ಗಳು ಪರಸ್ಪರ ಸೆಣಸುತ್ತವೆ. ದೊಡ್ಡ ಹೆಸರಿನ ಗ್ಯಾಂಗ್‌ಗಿಂತ ಪ್ರತಿದಿನ ಆಡುವ ಸದಸ್ಯರಿರುವ ಗ್ಯಾಂಗ್ ಮೇಲು. ಸೇರಿದ ಮೇಲೆ ಅಲ್ಲಿರುವ ಬಲಿಷ್ಠ ಯಂತ್ರವೊಂದನ್ನು ತೆರೆದು, ಅದರ ಮಾಲೀಕ ಆಯುಧವನ್ನು ಯಾವ ಸ್ಲಾಟ್‌ನಲ್ಲಿ ಕೂರಿಸಿದ್ದಾನೆ, ಹಿಂಚಕ್ರಕ್ಕಿಂತ ಮುಂಚಕ್ರ ಎಷ್ಟು ಚಿಕ್ಕದಿದೆ ಎಂದು ನೋಡಿ, ಅದೇ ಆಕಾರವನ್ನು ನಿಮ್ಮಲ್ಲಿರುವ ಭಾಗಗಳಿಂದಲೇ ಒಮ್ಮೆ ಕಟ್ಟಿ ಇಪ್ಪತ್ತು ಕಾಳಗ ಆಡಿಸಿ ನೋಡಿ.